ಹುಲಿಯಜ್ಜಿಗೆ ನನ್ನ ನಡಿಗೆ ಕೊಟ್ಟವಳಿಗೆ

ಹೋಬೇ ಊರು, ಯುನ್‌ಲಿನ್ ಕಡಲ ದಂಡೆ
ಚಾಂದ್ರಮಾನದ ಆರನೇ ತಿಂಗಳು, ಇಪ್ಪತ್ತನೇ ದಿನ

ಮೊಮ್ಮಗಳು ಗ್ಯೋಕ್‌ಗೆ,

ಮೊದಲು ಕೂತುಕೋ. ನಿಂತುಕೊಂಡು ಓದುವಂಥ ಕಾಗದ ಇದಲ್ಲ, ಬಾಯಲ್ಲಿ ಏನಾದರೂ ಇದ್ದರೆ ನುಂಗಿ ಮುಗಿಸು. ಇದನ್ನು ನಿನಗೆ ಬೇರೆ ಯಾರಾದರೂ ಓದಿ ಹೇಳುತ್ತಿದ್ದರೆ ಅವರಿಗೂ ಒಂದು ಮಾತು: ಅಮ್ಮಾ ತಾಯಿ, ನಿನ್ನ ಮುತ್ತಿನಂಥ ಅಕ್ಷರ ನೋಡಿ ನನಗೆ ಸಾಕಾಗಿದೆ. ಮೂರು ಕಾಗದ ಬಂದವು, ಮೂರೂ ನಿನ್ನವೇ. 'ಗ್ಯೋಕ್‌ಗೆ ಪುರುಸೊತ್ತಿಲ್ಲ, ಅವಳ ಪರವಾಗಿ ನಾನು ಬರೆಯುತ್ತಿದ್ದೇನೆ.' ಜಪಾನಿಯರ ಶಾಲೆಯಲ್ಲಿ ಎರಡು ವರ್ಷ ನೆಲ ಗುಡಿಸಿ, ಮಿಕ್ಕ ಅಕ್ಷರವನ್ನು ಗಂಡನ ಗೊಂಬೆಯಾಟದ ಪುಸ್ತಕ ನೋಡಿ ಕಲಿತ ಮುದುಕಿ ನಾನೇ ಬರೆಯುತ್ತೇನೆಂದ ಮೇಲೆ, ಗ್ಯೋಕ್, ಹನ್ನೆರಡು ವರ್ಷ ಓದಿದ ನಿನಗೆ ಬಂದಿರುವ ರೋಗ ಏನು?

ಹೇಗಿದ್ದೀಯ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ, ಇಲ್ಲ ಆ ತೈಪೆ ಊರಿನಲ್ಲಿ ಬಿಸಿನೀರು ಹೊಯ್ದ ಶಾವಿಗೆಯಲ್ಲೇ ದಿನ ದೂಡುತ್ತೀಯೋ? ನನ್ನ ಎಡಗಾಲು ಮಳೆ ಬರುವ ಮೊದಲೇ ಹೇಳುತ್ತದೆ, ಹವಾಮಾನದವರಿಗಿಂತ ಅದೇ ವಾಸಿ. ನಿನ್ನಮ್ಮ ಬೆಳಗಿನಿಂದ ಸಂಜೆಯವರೆಗೆ ಸಿಂಪಿ ಬಿಡಿಸಿ ಬಿಡಿಸಿ ಬೆನ್ನು ನೆಟ್ಟಗೆ ಮಾಡುವುದನ್ನೇ ಮರೆತಿದ್ದಾಳೆ. ನಿನಗೆಂದು ಒಣಸಿಂಪಿ ಕಟ್ಟಿಟ್ಟಿದ್ದಾಳೆ. ನಾನು ಕಳಿಸಲು ಬಿಟ್ಟಿಲ್ಲ. ಕಾಗದ ಬರೆಯದವರಿಗೆ ಸಿಂಪಿ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಹದಿನೆಂಟಕ್ಕೆ ನಮ್ಮ ಓಂಗ್ಯಾ ದೇವರ ಹುಟ್ಟುಹಬ್ಬ. ಆವತ್ತು ದೇವರಿಗೆ ಏನು ತೋರಿಸಬೇಕು ಎಂದು ದೇವರನ್ನೇ ಕೇಳುವ ಪದ್ಧತಿ ನಿನಗೆ ಗೊತ್ತೇ ಇದೆ. ನಾನು ಮಿಂದು, ಊದುಬತ್ತಿ ಹಚ್ಚಿ, ನನ್ನ ಹೆಸರು ಮನೆ ಎಲ್ಲ ಸರಿಯಾಗಿ ಹೇಳಿ, 'ನನ್ನ ಗಂಡನ ಪೆಟ್ಟಿಗೆ ಆರು ವರ್ಷದಿಂದ ಮುಚ್ಚಿದೆ, ಅವರ ಇಬ್ಬರು ಶಿಷ್ಯರು ಬರುತ್ತೇವೆ ಅಂದಿದ್ದಾರೆ, ಕೈಗೊಂಬೆ ಆಟ ಆಡಿಸಲೇ?' ಎಂದು ಅರ್ಧಚಂದ್ರದ ಎರಡು ಮರದ ತುಂಡು ಎಸೆದೆ. ಎರಡೂ ಹೊಟ್ಟೆ ಮೇಲಾಗಿ ಬಿದ್ದವು. ಹಾಗೆ ಬಿದ್ದರೆ ದೇವರು ನಕ್ಕ ಎಂದು ಲೆಕ್ಕ, ಹೂಂ ಅಂದ ಹಾಗಲ್ಲ. ಮತ್ತೆ ಎಸೆದೆ, ಮತ್ತೆ ನಕ್ಕ. ಆಗ ಗುಡಿ ನೋಡಿಕೊಳ್ಳುವ ಬಾನ್‌ಹೋಕ್ ನನ್ನನ್ನು ಪಕ್ಕಕ್ಕೆ ಸರಿಸಿ, 'ಸ್ವಾಮೀ, ನಮ್ಮೂರ ಹುಡುಗಿ ಗ್ಯೋಕ್ ಪಾತ್ರ ಮಾಡಿರೋ ಸಿನಿಮಾ ಬಂದಿದೆ, ನೋಡ್ತೀರಾ?' ಎಂದು ಕೇಳಿದ. ಒಂದು ಬೋರಲು, ಒಂದು ಅಂಗಾತ. ಹೂಂ ಅಂದ ಹಾಗೆ. ಸಾಲಾಗಿ ಮೂರು ಸಲ ಹೂಂ. 'ನೋಡಿದ್ರಾ ಅಜ್ಜೀ, ದೇವ್ರಿಗೂ ಹೊಸದು ಬೇಕು' ಎಂದು ಹಲ್ಲು ಕಿರಿದ. ಮೂರು ತಲೆಮಾರು ಆ ದೇವರೆದುರು ಗೊಂಬೆ ಕುಣಿಸಿದ ಮನೆ ನಮ್ಮದು. ದೇವರಾದರೂ ಅಷ್ಟು ನಿಯತ್ತಿಲ್ಲದೆ ಇರಬಾರದು.

ಗುಡಿಯ ಎದುರಿಗೆ, ದೇವರ ಮುಖಕ್ಕೆ ನೇರವಾಗಿ ಪರದೆ ಕಟ್ಟಿದರು. ಮುಂದೆ ದೇವರಿಗೆಂದು ಕೆಂಪು ಮಣೆ ಖಾಲಿ ಬಿಟ್ಟರು. ಅದರ ಹಿಂದೆಯೇ ನಿನ್ನಮ್ಮ, ಪಕ್ಕದ ಮನೆ ತ್ಸಾಯ್ಹಾ, ನಾನು. ಹೊತ್ತು ಮುಳುಗುತ್ತಿದ್ದಂತೆ ಶುರುವಾಯಿತು ನಿಮ್ಮ ಹುಚ್ಚಾಟ. ಹುಲಿಯಜ್ಜಿ ಕಥೆಯಂತೆ. ನಿನಗೆ ನಾನು ಎಷ್ಟು ಸಲ ಹೇಳಿದ ಕಥೆ. ಅಪ್ಪ ಅಮ್ಮ ಇಲ್ಲದ ಹೊತ್ತಿಗೆ ಹುಲಿ ಅಜ್ಜಿಯ ವೇಷ ಹಾಕಿ ಬರುತ್ತದೆ, ಅಕ್ಕ ಬಾಗಿಲು ತೆಗೆಯುತ್ತಾಳೆ, ಮಲಗಿದ ಮೇಲೆ ಕತ್ತಲಲ್ಲಿ ಕಟುಂ ಕುಟುಂ ಸದ್ದು. 'ಏನಜ್ಜಿ ತಿಂತಿದ್ದೀಯ?' 'ಕಡ್ಲೆಕಾಯಿ ಕಣೆ, ನಿಂಗೂ ಒಂದು ಬೇಕಾ?' ಕೈಗೆ ಬಂದದ್ದು ತಮ್ಮನ ಬೆರಳು. ಆ ಬೆರಳು ಬರುವ ಜಾಗದಲ್ಲಿ ನೀನು ನನ್ನ ಕುಪ್ಪಸ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದೆ. ಹುಡುಗಿ ಅಳಲಿಲ್ಲ, ಕೂಗಲಿಲ್ಲ, ಮರ ಹತ್ತಿದಳು, ಕುದಿಯುವ ಎಣ್ಣೆ ತರಿಸಿಕೊಂಡಳು, ಬಾಯಿ ತೆಗಿ ಅಜ್ಜಿ ಎಂದು ಸುರಿದಳು. ಒಂದು ಹುಡುಗಿಯ ಬುದ್ಧಿಯ ಕಥೆ ಅದು.

ನಿಮ್ಮ ಸಿನಿಮಾದಲ್ಲಿ ಆ ಬುದ್ಧಿ ಎಲ್ಲಿ ಹೋಯಿತು? ಹುಡುಗಿ ಕಡುಬು ಬೇಯಿಸುವ ಬಿದಿರಿನ ಆವಿಬುಟ್ಟಿಯ ಮೇಲೆ ಕೂತು ಆಕಾಶದಲ್ಲಿ ಬರುತ್ತಾಳೆ. ಹುಲಿಯಜ್ಜಿ ಬಾಲದಲ್ಲಿ ಏಳು ಕತ್ತಿ ಹಿಡಿದು ಗರಗರ ತಿರುಗಿಸುತ್ತಾಳೆ. ನೆಲದಿಂದ ಶುಂಠಿ ಬೇರುಗಳು ಎದ್ದು ಬೋಳುತಲೆಯ ಸನ್ಯಾಸಿಗಳಾಗಿ ಕಾಲೆತ್ತಿ ಒದೆಯುತ್ತವೆ. ತಿಂದು ಉಗುಳಿದ ಬೆರಳು ಹಾರಿಹೋಗಿ ಯಾವನೋ ಕಳ್ಳನ ಮೂಗಿನೊಳಗೆ ಹೊಕ್ಕು ಅವನನ್ನು ಊರೆಲ್ಲ ಓಡಿಸುತ್ತದೆ. ಹೆದರಬೇಕಾದ ಬೆರಳಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತ್ಸಾಯ್ಹಾ ಎರಡು ಸಲ ನನ್ನ ತೊಡೆಗೆ ಹೊಡೆದಳು. ಇದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿದೆ. 'ಏನಿಲ್ಲ ಅತ್ತೆ, ಬೆಳಗಿಂದ ಬಗ್ಗಿ ಕೂತು ಬಗ್ಗಿ ಕೂತು ಸಾಕಾಗಿದೆ. ಯಾರಾದ್ರೂ ನೆಲ ಬಿಟ್ಟು ಮೇಲಕ್ಕೆ ಹೋದ್ರೆ ಖುಷಿ ಆಗುತ್ತೆ' ಅಂದಳು. ಅದೂ ಸಿಟ್ಟು ತರಿಸಿತು. ಅಷ್ಟಕ್ಕೆ ಬಿಡದೆ, 'ನಿಮ್ಮನೆ ಮಾವನ ಗೊಂಬೆ ಒಂದು ಗೊರಕೆಗೆ ಬೆಟ್ಟ ಸೀಳ್ತಿತ್ತಲ್ಲ, ಆಗ ನೀವು ಕಣ್ಣೀರು ಬರೋ ಹಾಗೆ ನಗ್ತಿದ್ರಿ' ಅಂದಳು. ನೋಡು ಗ್ಯೋಕ್, ಗೊಂಬೆ ಹಾರಿದರೆ ಗೊಂಬೆ ಹಾರುತ್ತದೆ. ಬಿದ್ದರೆ ಬೀಳುವುದು ಬಟ್ಟೆ, ಕರ್ಪೂರದ ಮರದ ತಲೆ. ಎತ್ತಿ ಧೂಳು ಕೊಡವಿದರೆ ಮುಗಿಯಿತು.

'ಸಣ್ಣ ಪಾತ್ರ ಅಜ್ಜಿ, ನಿಮಗೆ ಕಾಣಿಸೋದೇ ಇಲ್ಲ' ಎಂದು ಬರೆಸಿದ್ದೆಯಲ್ಲ. ಕಾಣಿಸಿತು. ಹುಲಿಯ ಮುಖವಾಡ ಹಾಕಿಕೊಂಡು ನಮ್ಮೂರಿನ ಹೊಸಿಲಿನಂಥ ಹೊಸಿಲು ದಾಟಿದೆಯಲ್ಲ, ಬಲಗಾಲು ಮೊದಲು ಇಟ್ಟು, ಎಡಗಾಲು ಸುತ್ತಿ ತಂದು. ಸಿಂಪಿ ಚಿಪ್ಪು ಕೊಯ್ದ ಕಾಲು ಅದು, ನನ್ನ ಕಾಲು. ಕಡಲೆಕಾಯಿ ಸಿಪ್ಪೆಯನ್ನು ತೋಳಿಗೆ ಉಜ್ಜಿ ಉಫ್ ಎಂದು ಊದಿದೆಯಲ್ಲ, ಅದೂ ನನ್ನದೇ. ಸಾಲಿಗೆ ಸಾಲೇ ತಿರುಗಿ ನನ್ನನ್ನು ನೋಡಿತು. ಹಿಂದಿನಿಂದ ಯಾರೋ 'ಅಜ್ಜೀ, ನೀವು ಸಿನಿಮಾಗೆ ಯಾವಾಗ ಹೋಗಿದ್ರಿ?' ಎಂದು ಕೂಗಿದರು. ಹೆತ್ತವರು ಕಡಲಿಗೂ ಸಿಂಪಿಗೂ ಹೋದಾಗ ಸಾಕಿದವಳು ನಾನು. ಮಕ್ಕಳ ಬೆರಳು ಕಡಿಯುವ ಹುಲಿಗೆ ಹಾಕಲು ನಿನಗೆ ನನ್ನ ನಡಿಗೆಯೇ ಸಿಕ್ಕಿತೇ? ಹೋಗಲಿ, ಚೆನ್ನಾಗಿ ನಡೆದಿದ್ದೀಯ ಎಂದು ಎಲ್ಲರೂ ಅಂದರು. ನಾನು ಅನ್ನಲಿಲ್ಲ.

ಕೊನೆಗೆ ಹುಲಿಯಜ್ಜಿ ಮರದಿಂದ ಎಣ್ಣೆ ಕೊಪ್ಪರಿಗೆಯ ಪಕ್ಕಕ್ಕೆ ದೊಪ್ಪನೆ ಬೀಳುವ ಜಾಗ ಬಂತು. ಆಗ ನಾನು ಎದ್ದುಹೋಗಿ ಯಂತ್ರದ ಬೆಳಕಿಗೆ ಅಡ್ಡ ನಿಂತೆ. ನನ್ನ ನೆರಳು ಪರದೆ ತುಂಬ ಬಿತ್ತು. ಅದೂ ಸಿನಿಮಾದ ಭಾಗವೇ ಎಂದು ತಿಳಿದು ಜನ ಚಪ್ಪಾಳೆ ಹೊಡೆದರು. ಬಾನ್‌ಹೋಕ್ ಮಾತ್ರ ಓಡಿ ಬಂದ: 'ಅಜ್ಜೀ, ದೇವ್ರು ನೋಡ್ತಿದ್ದಾರೆ, ಪಕ್ಕಕ್ಕೆ ಬನ್ನಿ, ನಾವೇನು ನಮಗೋಸ್ಕರ ಹಾಕ್ಸಿದ್ದಾ ಇದನ್ನ?' ನಾನು ಬರಲಿಲ್ಲ. ಆ ಜಾಗ ಮುಗಿದ ಮೇಲೆ ಬಂದೆ. ದೇವರ ಕಣ್ಣಿಗೆ ಅಡ್ಡ ನಿಂತ ತಪ್ಪಿಗೆ ಮಾರನೇ ದಿನ ಗುಡಿಗೆ ಹೋಗಿ ಮೂರು ಬಟ್ಟಲು ಕೆಂಪು ಅಂಟಕ್ಕಿ ಕಡುಬು ಇಟ್ಟು ಕ್ಷಮೆ ಕೇಳಿದೆ. ಮೊದಲು ನಕ್ಕ. ಆಮೇಲೆ ಹೂಂ ಅಂದ. ಊರಿಗೆ ನಾನು ಹೇಳಿದ ಕಾರಣ ಇಷ್ಟೇ: ನನ್ನ ಗಂಡನ ಆಟ ಬಿಟ್ಟು ಈ ಕೋತಿ ಕುಣಿತ ಹಾಕಿಸಿದ ಸಿಟ್ಟು. ಎಲ್ಲರೂ ನಂಬಿದರು. ನನ್ನ ಬಾಯಿ ಅಂಥದ್ದು.

ಮೈ ಬೆಚ್ಚಗಿಟ್ಟುಕೋ. ಓಂಗ್ಯಾ ನಿನ್ನನ್ನು ಕಾಯಲಿ, ಅಷ್ಟಾದರೂ ಮಾಡಲಿ. ನಿನ್ನಮ್ಮನ ಆಶೀರ್ವಾದ ಇದೆ. ಬರೆದುಕೊಟ್ಟ ಆ ಹುಡುಗಿಗೂ ನನ್ನ ಹಾರೈಕೆ, ಸುಳ್ಳು ಬರೆದರೂ ಅಕ್ಷರ ದುಂಡಗಿದೆ.

ಇಂತಿ,
ಹುಲಿಯಲ್ಲದ ನಿನ್ನ ಅಜ್ಜಿ

ತಾಜಾಕಲಂ: ಅಂಚೆಯವನು ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೆಳಕಿಗೆ ಅಡ್ಡ ನಿಂತದ್ದು ಸಿಟ್ಟಿಗಲ್ಲ. ಆ ಬೀಳುವುದು ಆಟದ್ದಲ್ಲ ಗ್ಯೋಕ್. ತಂತಿ ಕಿತ್ತದ್ದು ನನಗೆ ಕಾಣಿಸಿತು. ಹುಲಿಯ ಪಂಜದ ಚೀಲ ಜಾರಿ ನಿನ್ನ ಬಲಗೈ ಹೊರಗೆ ಬಂದು ಮೈ ಅಡಿ ಸಿಕ್ಕಿತು, ತೋರುಬೆರಳು ಬಾಗಬಾರದ ಕಡೆಗೆ ಬಾಗಿತ್ತು. ಗೊಂಬೆಯ ತಲೆ ಕೂರುವ ಬೆರಳು ಅದು, ನಿನ್ನ ತಾತ ಒಂಬತ್ತು ವರ್ಷ ತಿದ್ದಿದ ಬೆರಳು. ಆ ಪಾಪಿಗಳು ಅದನ್ನು ತೆಗೆದು ಹಾಕದೆ ಮೇಲೊಂದು ಜಾಗಟೆ ಬಾರಿಸಿ ನಗೆಗೆ ಇಟ್ಟುಕೊಂಡಿದ್ದಾರೆ. ಹೊಸ ವರ್ಷ ಕಳೆದ ಮೇಲೆ ನಿನ್ನ ಅಕ್ಷರ ಯಾಕೆ ನಿಂತಿತು ಎಂದು ಆಗ ಗೊತ್ತಾಯಿತು. ನಿನ್ನಮ್ಮ ಮುಂದೆಯೇ ಕೂತಿದ್ದಳು, ಆ ಗಳಿಗೆಗೆ ಬಗ್ಗಿ ಬೆನ್ನು ತಿಕ್ಕಿಕೊಳ್ಳುತ್ತಿದ್ದಳು, ತಲೆ ಎತ್ತಿ ನೋಡಬಾರದು ಎಂದು ನಿಂತೆ. ಅವಳಿಗೆ ನನ್ನ ನೆರಳು ಬಿಟ್ಟು ಬೇರೇನೂ ಕಾಣಲಿಲ್ಲ. ದೇವರು ಮೂರು ಸಲ ಹೂಂ ಅಂದದ್ದು ನನಗೆ ಇದನ್ನು ತೋರಿಸುವುದಕ್ಕೇ ಇರಬೇಕು, ಆದರೂ ಅವನ ಮೇಲಿನ ಸಿಟ್ಟು ಇಳಿದಿಲ್ಲ. ಏಳನೇ ತಿಂಗಳು ಪ್ರೇತಗಳಿಗೆ ಬಾಗಿಲು ತೆರೆಯುವ ತಿಂಗಳು, ಆಗ ನೀನು ತಂತಿಗೆ ಜೋತುಬಿದ್ದೆ ಅಂತ ಕೇಳಿದರೆ ನಾನೇ ಬಂದು ಇಳಿಸುತ್ತೇನೆ. ತಾತನ ಪೆಟ್ಟಿಗೆಯಲ್ಲಿ ಎಡಗೈಯವರ ಗೊಂಬೆಗಳೂ ಇವೆ, ನಿನ್ನೆ ತೆಗೆದು ಬಿಸಿಲಿಗೆ ಹಾಕಿದ್ದೇನೆ. ಈಗ ನಿನ್ನ ಕೈಯಿಂದಲೇ ಬರೆ. ಏಡಿ ನಡೆದ ಹಾಗಿದ್ದರೂ ಸರಿ, ಯಾವ ಕೈ ಆದರೂ ಸರಿ, ಒಂದು ಗೆರೆ ಎಳೆದರೂ ಸರಿ. ಮುಂದಿನ ತಿಂಗಳು ಹುಟ್ಟುವ ಮೊದಲು ಅದು ನನ್ನ ಕೈ ಸೇರಬೇಕು.