ಗುಳ್ಳೆ ನಿಂತ ಬೆಳಿಗ್ಗೆ

ಗುರುವಾರ, ಮಧ್ಯಾಹ್ನ
ಮಕ್ಕಳ ವಾರ್ಡು, ಕಿಟಕಿ ಪಕ್ಕದ ಮಂಚ

ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿರುವ ನನ್ನವಳಿಗೆ,

ಮೊದಲು ಸಂತೋಷದ ಸುದ್ದಿ, ಆಮೇಲೆ ನನ್ನ ಮರ್ಯಾದೆ ಹೋದ ಸುದ್ದಿ. ನಮ್ಮ ಗುಂಡಮ್ಮ ಇವತ್ತು ಬೆಳಿಗ್ಗೆಯಿಂದ ತಾನಾಗಿಯೇ ಉಸಿರಾಡುತ್ತಿದ್ದಾಳೆ. ಮೂಗಿಗೆ ನಳಿಕೆ ಇಲ್ಲ, ಏನೂ ಇಲ್ಲ. ಅಳಬೇಡ, ಕೂಸು ಬೆಚ್ಚಿಬೀಳುತ್ತದೆ.

ಇನ್ನು ನನ್ನ ಕಥೆ. ನ್ಯುಮೋನಿಯಾ ಜೋರಾಗಿದೆ ಎಂದು ಸೇರಿಸಿಕೊಂಡ ದಿನ ಅವಳ ಮೂಗಿಗೆ ನಳಿಕೆ ಹಾಕಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದರು. ಬಾಟಲಿಯಲ್ಲಿ ಬುಳುಬುಳು ಗುಳ್ಳೆ. ನೀನೇ ಹೇಳು, ಮೀಸೆ ಬಂದಾಗಿನಿಂದ ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುವವನಿಗೆ ಗುಳ್ಳೆ ಎಂದರೆ ಏನು? ತೂತು! ಮಗಳ ಗಾಳಿಯೆಲ್ಲ ಸೋರಿಹೋಗುತ್ತಿದೆ ಎಂದುಕೊಂಡೆ. ಅಂಗಡಿಯಿಂದ ಹಾಗೇ ಓಡಿಬಂದಿದ್ದೆನಲ್ಲ, ಜೇಬಿನಲ್ಲಿದ್ದ ಪ್ಯಾಚು, ಅದನ್ನು ಅಂಟಿಸುವ ಸಲ್ಯೂಷನ್ ತೆಗೆದು ಸಜ್ಜಾಗಿ ನಿಂತೆ. ಸಿಸ್ಟರ್ ಓಡಿಬಂದು ನನ್ನ ಕೈ ಹಿಡಿದು, ಅಯ್ಯೋ ಅಣ್ಣಾ, ಗುಳ್ಳೆ ಬರ್ತಿದ್ರೇನೇ ಗಾಳಿ ಸರಿಯಾಗಿ ಹೋಗ್ತಿದೆ ಅಂತ, ನಿಂತ್ರೆ ಮಾತ್ರ ನನ್ನ ಕರೀರಿ ಅಂದರು. ಅಂದಿನಿಂದ ವಾರ್ಡಿನಲ್ಲಿ ನನಗೆ ಪಂಕ್ಚರ್ ಅಪ್ಪ ಎಂದೇ ಹೆಸರು.

ಅಂದಿನಿಂದ ನಾನು ಗುಳ್ಳೆಗೇ ಕಾವಲು. ಇವತ್ತು ಬೆಳಿಗ್ಗೆ ಬಿಸಿನೀರು ತರಲು ಹೋಗಿದ್ದೆ. ಬಂದವನು ಅಭ್ಯಾಸದಂತೆ ಮೊದಲು ಬಾಟಲಿ ನೋಡಿದೆ. ಒಂದೇ ಒಂದು ಗುಳ್ಳೆಯೂ ಇಲ್ಲ. ಫ್ಲಾಸ್ಕು ಎಲ್ಲಿಟ್ಟೆನೋ, ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಸಿಸ್ಟರ್, ಗುಳ್ಳೆ ನಿಂತೋಯ್ತು ಎಂದು ಕಟ್ಟಡವೇ ನಡುಗುವಂತೆ ಕಿರುಚಿದೆ. ಮಂಚದ ಕಡೆ ತಿರುಗಲು ಧೈರ್ಯ ಬರಲಿಲ್ಲ. ಆಗ ಹಿಂದಿನಿಂದ ಕರಕರ ದನಿ ಬಂತು, ಅಪ್ಪಾ, ಸುಮ್ನಿರು, ಎಲ್ರೂ ನೋಡ್ತಿದಾರೆ ಅಂತ.

ನಾನು ಆಚೆ ಹೋಗಿದ್ದಾಗ ಡಾಕ್ಟರು ಬಂದು, ಇವಳಿಗಿನ್ನು ಇದು ಬೇಡ ಎಂದು ನಳಿಕೆ ತೆಗೆದಿದ್ದರಂತೆ. ವಾರ್ಡಿಗೆ ವಾರ್ಡೇ ಬಿದ್ದು ಬಿದ್ದು ನಕ್ಕಿತು. ನಗುವವರ ಜೊತೆ ನಾನೂ ಸೇರಿಕೊಂಡೆ, ಇನ್ನೇನು ಮಾಡಲಿ.

ನಾಳೆಯವರೆಗೆ ಪಕ್ಕೆ ಒಳಕ್ಕೆ ಸೆಳೆಯದೆ ಹೀಗೇ ಉಸಿರಾಡಿದರೆ ಮನೆಗೆ ಕಳಿಸುವ ದಿನ ಹೇಳುತ್ತಾರೆ. ಕಾವಲು ಕಾಯಲು ಗುಳ್ಳೆಯಿಲ್ಲವಾದ್ದರಿಂದ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತಿದ್ದೇನೆ. ಏನ್ ನೋಡ್ತೀಯ, ಆ ಕಡೆ ತಿರುಗು ಎಂದು ರೇಗುತ್ತಾಳೆ. ಬೈಸಿಕೊಳ್ಳುವುದು ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ತಂದ ಸೂಪಿಗೆ ಉಪ್ಪು ಕಮ್ಮಿ ಎಂದು ಮುಖ ಬೇರೆ ಸಿಂಡರಿಸಿದಳು. ಈ ಕಾಗದ ತರುವವರೂ ಅತ್ತೆಯೇ, ದಾರಿಯಲ್ಲಿ ಓದಿಕೊಂಡರೆ ನನ್ನ ಕಥೆ ಮುಗಿಯಿತು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಪಂಕ್ಚರ್ ಅಪ್ಪ

ತಾ.ಕ.: ಇಷ್ಟು ದಿನ ಪ್ರತಿ ಕಾಗದದಲ್ಲೂ, ಮಗಳು ನಿನ್ನನ್ನೇ ಕೇಳುತ್ತಿರುತ್ತಾಳೆ ಎಂದು ಬರೆದೆನಲ್ಲ, ಅದು ಸುಳ್ಳು ಕಣೇ. ಅವಳು ಬಾಯಿಯೇ ಬಿಟ್ಟಿರಲಿಲ್ಲ. ಬೆಳಿಗ್ಗೆ ನನ್ನನ್ನು ಗದರಿದ್ದೇ ಮೊದಲ ಮಾತು. ಎರಡನೆಯದು, ಅಮ್ಮ ಎಲ್ಲಿ ಅಂತ. ಇದು ನಿಜ.