ಡ್ಯಾನ್ಸ್ ಹಾಲಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮಗಳೇ,

ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಕತ್ತಲಾದ ಮೇಲೆ ಹೊರಗೆ ಕಾಲಿಡಬಾರದು ಅಂತ ತಾಕೀತು ಮಾಡಿದ್ದೆಯಲ್ಲ, ನಿನ್ನೆ ಅದನ್ನು ಪಾಲಿಸಿ ನಿನ್ನ ಸೋದರತ್ತೆ ಹೋಟೆಲ್ ರೂಮಿನಲ್ಲಿ ಗೊರಕೆ ಹೊಡೆದಳು. ನಾನು ಹೊರಟೆ.

ಈ ಊರಿಗೆ ಬೆಳಗಾಗುವುದೇ ದೀಪ ಹತ್ತಿದ ಮೇಲೆ. ಸಮುದ್ರದ ದಂಡೆಯಲ್ಲೊಂದು ಡ್ಯಾನ್ಸ್ ಹಾಲು. ಮನೆಯ ಅಭ್ಯಾಸದಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಿಂದೆ ಬಂದವರು ಇದೇ ಇಲ್ಲಿನ ನಿಯಮವೆಂದುಕೊಂಡು ಬೂಟು ಬಿಚ್ಚಿದರು, ಅವರನ್ನು ನೋಡಿ ಅವರ ಹಿಂದಿನವರು. ಸ್ವಲ್ಪ ಹೊತ್ತಿಗೆ ಹಾಲಿಗೆ ಹಾಲೇ ಬರಿಗಾಲಲ್ಲಿ ಕುಣಿಯುತ್ತಿತ್ತು.

ಬಾಗಿಲು ಕಾಯುವವನು ನನ್ನನ್ನೇ ಕೇಳಿದ, "ಯಾವಾಗಿಂದ ಈ ರೂಲ್ಸು?"

"ನಂಗೇನು ಗೊತ್ತಪ್ಪ, ನಾನು ಊರಿಗೆ ಹೊಸಬಳು" ಅಂದೆ. ಆಮೇಲೆ ನೋಡಿದರೆ ಅವನೂ ಬೂಟು ಬಿಚ್ಚಿದ್ದ.

ನಾನೂ ಕುಣಿದೆ. ಮಂಡಿ ತಕರಾರು ಮಾಡಲಿಲ್ಲ, ಆ ಎಣ್ಣೆ ಕಳಿಸಬೇಡ. ಹೊರಡುವಾಗ ಮಾತ್ರ ಆ ರಾಶಿಯಲ್ಲಿ ನನ್ನ ಚಪ್ಪಲಿ ಸಿಗಲಿಲ್ಲ.

"ಚಪ್ಪಲಿ ಎಲ್ಲಿ ಅತ್ತಿಗೆ?" ಅಂತ ಬೆಳಗ್ಗೆ ನಿನ್ನ ಸೋದರತ್ತೆ ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈಗ ಸಂಜೆ, ಅವಳು ಕನ್ನಡಿ ಬಿಟ್ಟು ಅಲುಗಾಡುತ್ತಿಲ್ಲ. ಹುಡುಕಲು ತಾನೂ ಬರುತ್ತಾಳಂತೆ, ಕಳೆದುಹೋದರೂ ಚಿಂತೆಯಿಲ್ಲದ ಹಳೇ ಚಪ್ಪಲಿ ಹಾಕಿಕೊಂಡು.

ಅವಸರದಲ್ಲಿ,
ಅಮ್ಮ