ನಡುಗೋಡೆಯ ತಗಡು

ಹನ್ನೊಂದು, ಭಾನುವಾರ.

"ಅವನಿಗೇನು ಗೊತ್ತು, ಎಲ್ಲಾ ನಾನೇ ಮಾಡಿದ್ದು" ಎಂದೋ, ಅದೇ ಅರ್ಥದ ಇನ್ನೇನೋ. ಪಕ್ಕದ ಮನೆಯಲ್ಲಿರುವ ನನ್ನ ಸ್ವಂತ ಅಣ್ಣ ಮೊನ್ನೆ ನೆಂಟರೆದುರು ಟೀವಿ ತೋರಿಸುತ್ತಾ ನನ್ನ ಬಗ್ಗೆ ಅಂದದ್ದು. ಅಮ್ಮನೂ ಅಲ್ಲೇ ಕೂತಿದ್ದಳು. ಟೀವಿ ಹಿಂದೆ ಬಿದ್ದಿದ್ದ ಆಂಟೆನಾವನ್ನು ಟವರಿನ ದಿಕ್ಕಿಗಿರುವ, ನಮ್ಮಿಬ್ಬರ ಮನೆಗಳ ನಡುಗೋಡೆಗೆ ಎತ್ತರದಲ್ಲಿ ಸಿಕ್ಕಿಸಿ, ಅವನಿಗೆ ಚಿತ್ರ ನಿಚ್ಚಳ ಮಾಡಿಕೊಟ್ಟವನು ನಾನು.

ಇಂದು ಫೈನಲ್ ಪಂದ್ಯ. ಗೋಡೆಯ ನನ್ನ ಬದಿಗೆ, ಸರಿಯಾಗಿ ಅದರ ಬೆನ್ನಿಗೆ, ಸಿಗ್ನಲ್ಲಿಗೆ ಅಡ್ಡವಾಗಲೆಂದು ಅಗಲವಾದೊಂದು ತಗಡು ನಿಲ್ಲಿಸಿದೆ.

"ಥೂ, ಮತ್ತೆ ಹೋಯ್ತು! ಎಡಕ್ಕೆ ತಿರುಗಿಸೇ!" ಗೋಡೆಯಾಚೆ ಅಣ್ಣ.

"ಹಾಕಿದ್ದು ನೀವೇ ಅಂತೀರಲ್ಲ, ನೀವೇ ತಿರುಗಿಸಿ!" ಅತ್ತಿಗೆ.

ಹೊಟ್ಟೆ ತಣ್ಣಗಾಯಿತು. ಆಮೇಲೆ ಅಮ್ಮನ ದನಿ: "ಚಿಕ್ಕೋನನ್ನ ಕರಿಯೋ. ಹಾಕಿದ್ದು ಅವನಲ್ವಾ?"

ಅಣ್ಣ ಕರೆಯಲಿಲ್ಲ. ತಗಡು ತೆಗೆಯಲು ನನಗೂ ಮನಸ್ಸಾಗಲಿಲ್ಲ. ಅಮ್ಮಾ, ಈ ಮಾತನ್ನು ಮೊನ್ನೆ ನೆಂಟರೆದುರು ಯಾಕೆ ಆಡಲಿಲ್ಲ ನೀನು?